ನೀಲಿ ಚುಕ್ಕಿ

ಮೋರ್ವೆನ್, ನೀನು ಮೆಟ್ಟಿಲಿಳಿಯುವ ಸದ್ದು
ನನ್ನ ಗೋಡೆಗೆ ಚೆನ್ನಾಗಿ ಗೊತ್ತು.
ಐದೂ ಇಪ್ಪತ್ತಕ್ಕೆ ಕೆಳಬಾಗಿಲು ಒಮ್ಮೆ ನರಳುತ್ತದೆ,
ಆಮೇಲೆ ನೀನು ನನ್ನ ಅಂಗೈಯಲ್ಲಿ
ಒಂದು ನೀಲಿ ಚುಕ್ಕಿ.

ಮೊಣಕಾಲಿಗೆ ಪ್ಲಾಸ್ಟರ್ ಸುತ್ತಿಸಿಕೊಂಡು
ಹಾಸಿಗೆ ಹಿಡಿದ ಮೇಲೆ
ಇದೇ ನನ್ನ ಓಟ:
ಗ್ಲಾಸ್ಗೋದ ಜನವರಿ ಕತ್ತಲಲ್ಲಿ
ಚಹಾ ಆರಲು ಬಿಟ್ಟು
ಕಾಲುವೆಯ ದಡದಲ್ಲಿ ಚುಕ್ಕಿಯೊಂದು ತೆವಳುವುದನ್ನು
ರೆಪ್ಪೆ ಬಡಿಯದೆ ಕಾಯುವುದು.

ನಿನ್ನ ಓಟ ಇಲ್ಲಿಂದ ತೆವಳಿದಂತೆಯೇ ಕಾಣುತ್ತದೆ.
ಬೈಯಬೇಡ.

ಪೊಲೀಸರು ಬಾಗಿಲಡಿ ತೂರಿಸಿದ ಕರಪತ್ರ
ಇನ್ನೂ ನನ್ನ ಫ್ರಿಜ್ಜಿನ ಮೇಲಿದೆ.
ಎರಡೂ ಕಿವಿಗೆ ಹಾಡು ತುಂಬಬೇಡಿ.
ಜಡೆ ಯಾರ ಹಿಡಿತಕ್ಕೂ ಸಿಗದಿರಲಿ.
ದಿನವೂ ಒಂದೇ ದಾರಿ ಬೇಡ.
ಕತ್ತಲೆ ಬೇಡ.
ಇಲ್ಲಿ ಈಗ ಒಂಬತ್ತಕ್ಕೆ ಬೆಳಕು, ನಾಲ್ಕಕ್ಕೆ ಕತ್ತಲು;
ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನ್ನ ಪಾಳಿ ಏಳರಿಂದ ನಾಲ್ಕು.
'ಹಾಗಾದರೆ ಏಪ್ರಿಲಿನಲ್ಲಿ ಓಡುತ್ತೇನೆ' ಎಂದು
ನೀನು ಅದರ ಅಂಚಿನಲ್ಲಿ ಗೀಚಿದ್ದೆ.
ಎದುರು ಮನೆಯ ಫ್ರೇಜರ್‌ಗೆ ಇದು ಬಂದಿಲ್ಲವಂತೆ.
ಅವನಿಗೆ ಬಂದದ್ದು ಪಿಟ್ಜಾ ಅಂಗಡಿಯದ್ದು.

ಕರಪತ್ರದಲ್ಲಿಲ್ಲದ್ದು ನಮಗೆ ಬಾಯಿಪಾಠ:
ಸೇತುವೆಯಡಿ ಉಸಿರು ಬಿಗಿಹಿಡಿದು ಆಲಿಸುವುದು,
ಎದುರು ಬಂದವನ ಮುಖಕ್ಕಿಂತ ಮೊದಲು ಕೈ ನೋಡುವುದು,
ಬೆರಳ ಸಂದಿಯ ಬೀಗದ ಕೈಯನ್ನು
ಅದು ಆರನೆಯ ಬೆರಳಾಗುವವರೆಗೆ ಹಿಡಿದಿರುವುದು,
ನಾಯಿಯ ಜೊತೆ ಬಂದವನನ್ನು ನಂಬುವುದು.
ಯಾಕೋ ಗೊತ್ತಿಲ್ಲ. ನಾಯಿ ಕೊಟ್ಟ ಸರ್ಟಿಫಿಕೇಟು ಅಂತಿರಬೇಕು.

ಮೂರನೆಯ ತೂಬಿನ ಕಂಬಿಗೆ ಯಾರೋ ಕಟ್ಟಿದ
ಪ್ಲಾಸ್ಟಿಕ್ ಹೂಗಳ ಮುಂದೆ
ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು, ನೆನಪಿದೆಯೆ?
ಚೀಟಿಯಲ್ಲಿನ ಅವಳ ಹೆಸರು ಮಳೆಗೆ ಅಳಿಸಿದೆ.
ಅವಳೂ ಕರಪತ್ರ ಓದಿದ್ದಳೋ ಏನೋ.

ಇವತ್ತು,
ಅಲ್ಲೇ,
ಚುಕ್ಕಿ ನಿಂತಿತು.

ಲೇಸು ಬಿಚ್ಚಿರಬೇಕು ಅಂದುಕೊಂಡೆ.
ಲೇಸು ಕಟ್ಟಲು ಎಷ್ಟು ಹೊತ್ತು?
ನನ್ನ ಗೌನಿನ ದಾರ ಬಿಚ್ಚಿ ಕಟ್ಟಿ ನೋಡಿದೆ: ಹನ್ನೊಂದು ಸೆಕೆಂಡು.
ಒಂದು ನಿಮಿಷ. ಎರಡು.
ಫೋನು ಮಾಡಿದರೆ, ನಿನ್ನ ಜೇಬಿನಲ್ಲಿ ಹೊತ್ತಿದ ಬೆಳಕು
ನೀನು ಅಡಗಿದ ಜಾಗವನ್ನೇ ತೋರಿಸಿಕೊಟ್ಟರೆ?
ಮಾಡದಿದ್ದರೆ?
ಹಸಿರು ಗುಂಡಿಯ ಮೇಲೆ ಬೆರಳು ನಡುಗುತ್ತ ನಿಂತಿತು.
ಊರುಗೋಲು ಎಳೆದುಕೊಂಡೆ,
ನೆಟ್ಟಗಿರುವ ಕಾಲಿಗೆ ಬೂಟು ಹಾಕಿದೆ.
ಎಲ್ಲಿಗೆ ಹೊರಟಿದ್ದೆನೋ, ಮೂರು ಮಹಡಿ ಇಳಿದು!

ಚುಕ್ಕಿ ಅಲುಗಿತು.
ಓಡಿತು, ಆದರೆ ಎಂದಿಗಿಂತ ನಿಧಾನ.

ಬಾಗಿಲಲ್ಲಿ ಹಬೆಯಾಡುತ್ತ ನಿಂತ ನೀನು
ನಗುತ್ತಿದ್ದೆ; ಅದಕ್ಕೇ ಸಿಟ್ಟು ಇನ್ನಷ್ಟು ನೆತ್ತಿಗೇರಿತು.
"ಒಬ್ಬ ಹುಡುಗಿ. ಹದಿನೆಂಟೋ ಹತ್ತೊಂಬತ್ತೋ.
ಸೇತುವೆಯಡಿ ನುಗ್ಗುವ ಧೈರ್ಯವಾಗದೆ
ತೂಬಿನ ಬಳಿ ನಿಂತಲ್ಲೇ ಕುಣಿಯುತ್ತಿದ್ದಳು, ಚಳಿಗೆ ಅನ್ನುವ ಹಾಗೆ.
ನನ್ನ ಹೆಜ್ಜೆ ಕೇಳಿ ಅವಳಿಗೆ ಭಯ,
ಅವಳ ನೆರಳು ಕಂಡು ನನಗೆ.
ಹತ್ತಿರ ಬಂದು ನೋಡಿದರೆ
ಇಬ್ಬರ ಮುಷ್ಟಿಯಲ್ಲೂ ಬೀಗದ ಕೈ!
ನಗು ಮುಗಿಯಲಿಕ್ಕೇ ಎರಡು ನಿಮಿಷ ಹಿಡಿಯಿತು.
ಫರ್‌ಹಿಲ್ ತಿರುವಿನವರೆಗೆ ಜೊತೆಯಲ್ಲಿ ಓಡಿದೆವು.
ಹೆಸರು ಕೇಳಲಿಲ್ಲ."

ನಾನು ಬೈದೆ.
ನೀನು ಆರಿಹೋದ ನನ್ನ ಚಹಾ ಕುಡಿದು ಮುಗಿಸಿ,
ಒಂಟಿ ಬೂಟು ತೊಟ್ಟ ನನ್ನ ಕಾಲನ್ನು ನೋಡಿ,
ಏನೂ ಕೇಳದೆ
ಮಂಡಿಯೂರಿ ಲೇಸು ಬಿಚ್ಚಿದೆ.

ನನಗೆ ಕಾಣುವುದು ನಿನ್ನೊಂದು ಚುಕ್ಕಿ ಮಾತ್ರ.
ಇನ್ನೊಂದು ಯಾವ ಬಾಗಿಲಿಂದ ಹೊರಟಿತ್ತು,
ಯಾರ ಅಂಗೈಯಲ್ಲಿ ತೆವಳುತ್ತಿತ್ತು,
ಅಂಗೈ ಇತ್ತೋ ಇಲ್ಲವೋ.
ನಾಳೆ ಸಿಕ್ಕರೆ ಕೇಳು.
ನನ್ನ ನಂಬರ್ ಕೊಡು.
ಹೇಗೂ ಎಚ್ಚರವಾಗಿಯೇ ಇರುತ್ತೇನೆ.